ಅಕ್ಕೋರ ಹಲಗಿ

ಟಗರಿನ ಕೊಂಬನ್ನು ಕುಕ್ಕರಿನಲ್ಲಿಟ್ಟು ಬೇಯಿಸಿದ ಹೆಂಗಸನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ. ಕಳೆದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ವಾಸನೆ.

ಹೆಸರು ಹೇಳುವುದಿಲ್ಲ. ಹೇಳಿದರೂ ಯಾರಿಗೂ ಗುರುತು ಹತ್ತಲಾರದು; ನಮಗೆಲ್ಲ ಅವರು ಅಕ್ಕೋರು. ಗದಗದ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಬೆಟಗೇರಿಯಲ್ಲಿ ಹುಟ್ಟಿ, ಬಂದರಿನಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಕೊಚ್ಚಿಗೆ ಬಂದು, ಎರ್ನಾಕುಲಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್ ಆಗಿದ್ದವರು. ನಾನು ಕಾಣುವ ಹೊತ್ತಿಗೆ ಗಂಡ ತೀರಿಕೊಂಡಿದ್ದರು, ನೌಕರಿ ಮುಗಿದು ಏಳೆಂಟು ವರ್ಷವಾಗಿತ್ತು. ಕೊರಳಿನ ಸೀಟಿ ಮಾತ್ರ ಹಾಗೇ ಇತ್ತು. ರಸ್ತೆ ದಾಟುವಾಗ ಅದನ್ನು ಊದುತ್ತಿದ್ದರು. ಎರ್ನಾಕುಲಂನ ಖಾಸಗಿ ಬಸ್ಸುಗಳು ಪೊಲೀಸರಿಗೂ ನಿಲ್ಲುವುದಿಲ್ಲ, ಅಕ್ಕೋರಿಗೆ ನಿಲ್ಲುತ್ತಿದ್ದವು.

ನಾನು ಆಗ ಕಳಮಶ್ಶೇರಿಯ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಊರು ಕಾಸರಗೋಡಿನ ಕಡೆ. ಒಂದು ದಿನ ಬಸ್ಸಿನಲ್ಲಿ ನನ್ನ ಗೆಳೆಯನೊಬ್ಬನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಾಗ ಮುಂದಿನ ಸೀಟಿನಿಂದ ಒಂದು ನರೆತಲೆ ಹಿಂದಕ್ಕೆ ತಿರುಗಿತು. ಯಾವ ಊರು, ಏನು ಓದು, ಊಟ ಎಲ್ಲಿ ಎಂದೆಲ್ಲ ವಿಚಾರಿಸಿಕೊಂಡ ಮೇಲೆ, ಹಾಡಲು ಬರುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಮತ್ತೇನು ಬರುತ್ತದೆ ಎಂದರು. ಮನೆಯಲ್ಲಿ ಯಕ್ಷಗಾನದ ಓಡಾಟವಿದ್ದುದರಿಂದ ಚೆಂಡೆ ಸ್ವಲ್ಪ ಬರುತ್ತದೆ ಎಂದೆ.

"ಬಡಿಯಾಕ ಬರ್ತೈತಿ ಅಂದಂಗಾತು," ಎಂದರು ಅಕ್ಕೋರು. "ರವಿವಾರ ಮೂರು ಗಂಟೇಕ್ಕ ಬಾ. ಊಟಾ ಮಾಡಿ ಬರಬ್ಯಾಡ."

ಊಟ ಎಂಬ ಮಾತಿಗೆ ಹಾಸ್ಟೆಲಿನ ಹುಡುಗ ಎಲ್ಲಿಗೆ ಬೇಕಾದರೂ ಹೋಗುತ್ತಾನೆ. ಹೋದ ಮೇಲೆಯೇ ಗೊತ್ತಾದದ್ದು, ಅದು ಚರ್ಚೊಂದರ ಹಿಂದಿನ ಹಾಲ್‌ನಲ್ಲಿ ನಡೆಯುವ ಕನ್ನಡ ಆರಾಧನೆ ಎಂದು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಕನ್ನಡ ಕ್ರೈಸ್ತರು ಮೂವತ್ತು ಮಂದಿ, ಅವರ ಹೆಂಡತಿಯರು, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ಅವರ ಮಕ್ಕಳು. ನಾನು ಆ ಧರ್ಮದವನಲ್ಲ ಎಂದು ಅಕ್ಕೋರ ಕಿವಿಯಲ್ಲಿ ಹೇಳಿದೆ. ದೇವರಿಗೆ ಸಪ್ಪಳ ಬೇಕು, ಬಡಿಯುವವನ ಜಾತಕ ಬೇಡ ಎಂದುಬಿಟ್ಟರು. ಅಂದಿನಿಂದ ಎರಡು ವರ್ಷ ನಾನು ಅವರ ವಾದ್ಯವೃಂದ. ಊರಲ್ಲಿ ಅಮ್ಮನಿಗೆ ಇದನ್ನು ಹೇಳಿರಲಿಲ್ಲ.

ಅಕ್ಕೋರಿಗೆ ಒಂದೇ ಹುಚ್ಚು. ಮೂರು ಸಾವಿರ ವರ್ಷಗಳ ಹಿಂದೆ ಇಸ್ರಾಯೇಲರು ಯೆರೂಸಲೇಮಿನಲ್ಲಿ ದೇವರನ್ನು ಹೇಗೆ ಆರಾಧಿಸುತ್ತಿದ್ದರು ಎಂಬುದನ್ನು ಅವರು ನಿನ್ನೆ ತಾವೇ ಹೋಗಿ ನೋಡಿ ಬಂದವರ ಹಾಗೆ ಹೇಳುತ್ತಿದ್ದರು. ಗುಡಿಯಲ್ಲಿ ಹಾಡುವುದಕ್ಕೆಂದೇ ಒಂದು ಕುಲವಿತ್ತಂತೆ. ಅವರಿಗೆ ಬೇರೆ ಕೆಲಸವಿಲ್ಲವಂತೆ, ಹಗಲೂ ರಾತ್ರಿ ಪಾಳಿಯ ಮೇಲೆ ಹಾಡುವುದಂತೆ. ಹಿತ್ತಾಳೆಯ ತಾಳ, ಬೆಳ್ಳಿಯ ತುತೂರಿ, ಹತ್ತು ತಂತಿಯ ವೀಣೆ. ಅಮಾವಾಸ್ಯೆ ಕಳೆದು ಚಂದ್ರ ಕಂಡ ಕೂಡಲೇ ಟಗರಿನ ಕೊಂಬು ಊದುವುದು. ಅಟ್ಟಿಸಿಕೊಂಡು ಬಂದ ದಂಡಿನಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಬದುಕಿ ಬಂದ ದಿನ ಹೆಂಗಸರೆಲ್ಲ ದಮ್ಮಡಿ ಎಂಬ ಕೈವಾದ್ಯ ಹಿಡಿದು ಕುಣಿದದ್ದು. ಸುಗ್ಗಿಯಲ್ಲಿ ಸೊಪ್ಪಿನ ಚಪ್ಪರ ಹಾಕಿ ಏಳು ದಿನ ಅದರೊಳಗೇ ಉಂಡು ಮಲಗಿದ್ದು. ಆ ಹಬ್ಬದಲ್ಲಿ ಗಡ್ಡ ನರೆತ ಘನ ಪಂಡಿತರು ಉರಿಯುವ ಪಂಜುಗಳನ್ನು ಮೇಲಕ್ಕೆಸೆದು ಹಿಡಿಯುತ್ತ ಕುಣಿಯುತ್ತಿದ್ದರಂತೆ. ಇದನ್ನು ಹೇಳುವಾಗ ಅವರು ಹಾಲ್‌ನಲ್ಲಿ ಕೂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಗಂಡಸರು ಹಾಡಿನ ಪುಸ್ತಕದೊಳಗೆ ಮುಖ ಇಳಿಸುತ್ತಿದ್ದರು.

ಈ ಉತ್ಸಾಹಕ್ಕೆ ಎದುರಾಗಿ ನಿಂತವರು ನಮ್ಮ ಆರಾಧನಾ ಸಭೆಯ ಕಾರ್ಯದರ್ಶಿಗಳು. ನಲವತ್ತರ ಆಸುಪಾಸಿನವರು, ಕಂಪನಿಯಲ್ಲಿ ಮ್ಯಾನೇಜರ್, ಭಾನುವಾರವೂ ಅಂಗಿಯ ತೋಳಿನ ಗುಂಡಿ ಬಿಚ್ಚದವರು. ಊರು ಯಾವುದೆಂದರೆ ಧಾರವಾಡ ಎನ್ನುತ್ತಿದ್ದರು. ಆದರೆ ಧಾರವಾಡದ ಒಂದು ಸೊಲ್ಲೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. ರೇಡಿಯೋ ವಾರ್ತೆಯ ಹಾಗೆ ಮಾತಾಡುತ್ತಿದ್ದರು. ಆರಾಧನೆಗೆ ಒಂದು ಘನತೆ ಇರಬೇಕು ಎಂಬುದು ಅವರ ಪಲ್ಲವಿ. ಕೀಬೋರ್ಡ್ ಸಾಕು, ಅದೂ ಮೆಲ್ಲಗೆ. ದಾವೀದ ರಾಜ ದೇವರ ಆಜ್ಞೆಯ ಕಲ್ಲುಗಳಿದ್ದ ಪೆಟ್ಟಿಗೆಯ ಮುಂದೆ ಬರೀ ನಾರುಬಟ್ಟೆ ಉಟ್ಟು ಕುಣಿದದ್ದನ್ನೂ, ರಾಣಿ ಕಿಟಕಿಯಿಂದ ನೋಡಿ ಮೂಗು ಮುರಿದದ್ದನ್ನೂ ಅಕ್ಕೋರು ಅವರಿಗೆ ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಕಾರ್ಯದರ್ಶಿಗಳು ಕಿಟಕಿಯ ಪಕ್ಕದ ಕುರ್ಚಿಯನ್ನು ಬಿಟ್ಟು ಬೇರೆ ಕಡೆ ಕೂರಲು ಆರಂಭಿಸಿದರು.

ಕೊಂಬಿನ ಪ್ರಕರಣ ನಡೆದದ್ದು ನಾನು ಸೇರಿದ ಮೊದಲ ವರ್ಷವೇ. ಮಾರ್ಕೆಟ್ಟಿನ ಮಾಂಸದಂಗಡಿಗೆ ತಿಂಗಳುಗಟ್ಟಲೆ ಓಡಾಡಿ ಅಕ್ಕೋರು ಒಂದು ಟಗರಿನ ಕೊಂಬು ಸಂಪಾದಿಸಿದರು. ಒಳಗಿನ ಎಲುಬು ಸಡಿಲವಾಗಬೇಕಾದರೆ ಬೇಯಿಸಬೇಕು. ಬೇಯಿಸಿದರು. ಐದನೇ ವಿಷಲ್ಲಿಗೆ ಕೆಳಗಿನ ಮನೆಯ ಮಾಲಕಿ ಮೂಗಿಗೆ ಸೆರಗು ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೊಂಕಣಿ ಮಾತಾಡುವ ಮಡಿವಂತ ಮುದುಕಿ, ಮಂಡಿನೋವಿನವರು. ಏನು ಬೇಯುತ್ತಿದೆ ಎಂದು ಮಲಯಾಳದಲ್ಲಿ ಕೇಳಿದರು. ಮಂಡಿನೋವಿನ ಎಣ್ಣೆಗೆ ಕಷಾಯ ಎಂದು ಅಕ್ಕೋರು ಕಣ್ಣು ಮಿಟುಕಿಸದೆ ಹೇಳಿದರು. ಮಾಲಕಿಯ ಮುಖ ಅರಳಿತು. ತನಗೂ ಸ್ವಲ್ಪ ಬೇಕೆಂದರು. ಮರುದಿನ ಅಕ್ಕೋರು ಕೊಬ್ಬರಿ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ ಕಾಯಿಸಿ ಒಂದು ಸೀಸೆ ಕೊಟ್ಟರು. ವಾರದೊಳಗೆ ಮಂಡಿನೋವು ಕಡಿಮೆಯಾಯಿತು. ಇದರಿಂದ ಅಕ್ಕೋರಿಗೇ ಕಸಿವಿಸಿ. ನಾನು ಕೊಚ್ಚಿ ಬಿಡುವವರೆಗೂ ಆ ಎಣ್ಣೆಯನ್ನು ಕಾಯಿಸಿ ಕೊಡಬೇಕಾಯಿತು.

ಕೊಂಬಿನಿಂದ ಸ್ವರ ಹೊರಡಲು ಇನ್ನೂ ಒಂದು ತಿಂಗಳು ಹಿಡಿಯಿತು. ಊದಿ ಊದಿ ನನ್ನ ಕೆನ್ನೆಗಳು ಬಾತುಕೊಂಡವು. ಕೊನೆಗೆ ದೇವಸ್ಥಾನದ ಉತ್ಸವದಲ್ಲಿ ಕೊಂಬು ಊದುವವರೊಬ್ಬರನ್ನು ಅಕ್ಕೋರು ಚಹಾದಂಗಡಿಯಲ್ಲಿ ಹಿಡಿದು ಕೇಳಿದರು. ಗಾಳಿ ತುಂಬುವುದಲ್ಲ, ತುಟಿ ನಡುಗಿಸುವುದು ಎಂದು ಅವರು ತೋರಿಸಿಕೊಟ್ಟರು. ಮುಂದಿನ ಭಾನುವಾರ, ಕಾರ್ಯದರ್ಶಿಗಳು ಕಣ್ಣು ಮುಚ್ಚಿ ದೀರ್ಘವಾಗಿ ಪ್ರಾರ್ಥಿಸುತ್ತಿದ್ದಾಗ, ಅಕ್ಕೋರ ಸನ್ನೆಯಂತೆ ಊದಿಬಿಟ್ಟೆ. ಈಯುವ ಎಮ್ಮೆಯ ಕೂಗಿನಂಥದ್ದೇನೋ ಹೊರಟಿತು. ಹಿಂದಿನ ಸಾಲಿನಲ್ಲಿ ಮಲಗಿದ್ದ ಮೂರು ಕೂಸುಗಳು ಒಟ್ಟಿಗೆ ಎದ್ದವು. ಕಾರ್ಯದರ್ಶಿಗಳ ಪ್ರಾರ್ಥನೆ ನಡುವಿನಲ್ಲೇ ಆಮೆನ್ ಆಯಿತು. ಮುಂದಿನ ಸಭೆಯಲ್ಲಿ ಕೊಂಬು ನಿಷೇಧವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಅವರನ್ನು ನಾನು ತಮಾಷೆಯ ಮುದುಕಿ ಎಂದು ನೆನೆಯುತ್ತಿದ್ದೆ. ಹಾಗಾಗದಂತೆ ಮಾಡಿದ್ದು ಮಟ್ಟಾಂಚೇರಿಯ ಒಂದು ಮಧ್ಯಾಹ್ನ.

ಮಟ್ಟಾಂಚೇರಿಯಲ್ಲಿ ಉಳಿದಿದ್ದ ಕೆಲವೇ ಯೆಹೂದಿಗಳಲ್ಲಿ ಒಬ್ಬ ವೃದ್ಧರು ಅಕ್ಕೋರಿಗೆ ಪರಿಚಯ. ಅವರ ಮಗಳು ಇವರ ಶಾಲೆಯಲ್ಲಿ ಓದಿದ್ದಳು. ಹಳೆಯ ಕಾಲದ ವಾದ್ಯಗಳ ಬಗ್ಗೆ ಏನಾದರೂ ಅನುಮಾನ ಬಂದರೆ ಅಕ್ಕೋರು ಬೋಟು ಹತ್ತಿ ಅವರಲ್ಲಿಗೆ ಹೋಗುತ್ತಿದ್ದರು. ಆ ದಿನ ನಾನೂ ಹೋಗಿದ್ದೆ. ದಮ್ಮಡಿ ಎನ್ನುತ್ತೇವಲ್ಲ, ಅದು ನಿಜಕ್ಕೂ ಹೇಗಿತ್ತು ಎಂದು ಅಕ್ಕೋರು ಕೇಳಿದರು. ಸುತ್ತ ಗೆಜ್ಜೆ, ಬಿಲ್ಲೆ ಇತ್ತೇ? ವೃದ್ಧರು ತಲೆಯಾಡಿಸಿದರು. ಅವರ ಭಾಷೆಯಲ್ಲಿ ಅದರ ಹೆಸರು ತೋಫ್. ಗೆಜ್ಜೆಯಿಲ್ಲ, ಬಿಲ್ಲೆಯಿಲ್ಲ, ಮರದ ಒಂದು ಬಳೆ, ಅದರ ಒಂದು ಮಗ್ಗುಲಿಗೆ ಬಿಗಿದ ಆಡಿನ ಚರ್ಮ, ಅಷ್ಟೇ ಎಂದು ಗಾಳಿಯಲ್ಲಿ ವೃತ್ತ ಬರೆದು ತೋರಿಸಿದರು. ಹೆಚ್ಚಾಗಿ ಹೆಂಗಸರೇ ಬಾರಿಸುತ್ತಿದ್ದದ್ದು ಎಂದೂ ಸೇರಿಸಿದರು.

ಅಕ್ಕೋರು ಚಹಾದ ಲೋಟ ಕೆಳಗಿಟ್ಟರು. ಬೋಟಿನಲ್ಲಿ ಎರ್ನಾಕುಲಂ ಮುಟ್ಟುವವರೆಗೆ ತೊಡೆಯ ಮೇಲೆ ಬೆರಳಿನಿಂದ ವೃತ್ತ ಬರೆಯುತ್ತಿದ್ದರು. ವಲ್ಲಾರ್ಪಾಡಂ ದ್ವೀಪದ ಕಡೆಗೆ ಮುಖ ಮಾಡಿ ಕೂತಿದ್ದರು. ಜೆಟ್ಟಿಯಲ್ಲಿ ಇಳಿಯುವಾಗ, "ಅದು ಹಲಗೀನ. ನಮ್ಮ ಹಲಗಿ," ಎಂದರು.

ನನಗೆ ಹಲಗಿ ಎಂದರೆ ಬಯಲುಸೀಮೆಯಲ್ಲಿ ಡಂಗುರಕ್ಕೂ ಹೆಣದ ಮುಂದೆಯೂ ಬಾರಿಸುವ ಒಂದು ಚರ್ಮವಾದ್ಯ ಎನ್ನುವಷ್ಟೇ ಗೊತ್ತಿತ್ತು.

ಹದಿನೈದು ದಿನದೊಳಗೆ ಗದಗದಿಂದ ಅವರ ತಂಗಿಯ ಮಗ ಒಂದು ಹಲಗಿಯನ್ನು ಗೋಣಿಯಲ್ಲಿ ಸುತ್ತಿ ತಂದುಕೊಟ್ಟ. ಎಡ ಹೆಗಲಿಗೆ ತೂಗುಹಾಕಿಕೊಳ್ಳುವುದು, ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಸಣಕಲು ಕಡ್ಡಿ. ಅವನಿಗೆ ಗೊತ್ತಿದ್ದ ಒಂದು ಬಡಿತವನ್ನು ನನಗೆ ಕಲಿಸಿ ರೈಲು ಹತ್ತಿದ. ಕೊಚ್ಚಿಯ ತೇವದ ಗಾಳಿಗೆ ಹಲಗಿಯ ಚರ್ಮ ಮೂರನೇ ದಿನಕ್ಕೇ ಹಳೆಯ ಹಪ್ಪಳದಂತೆ ಮೆತ್ತಗಾಯಿತು. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಲೇಬೇಕು.

ಆ ವರ್ಷದ ಸುಗ್ಗಿ ಹಬ್ಬವನ್ನು ತಿರುವನಂತಪುರದ ಐಟಿ ಪಾರ್ಕಿನ ಕನ್ನಡದವರ ಜೊತೆ ಸೇರಿ ಅಲ್ಲೇ ಮಾಡುವುದೆಂದು ನಿಶ್ಚಯವಾಯಿತು. ಸುಗ್ಗಿ ಹಬ್ಬವೆಂದರೆ ಬೆಳೆದದ್ದನ್ನು ದೇವರಿಗೆ ತಂದು ಒಪ್ಪಿಸುವ ದಿನ. ಐಟಿಯವರು ಏನು ಬೆಳೆಯುತ್ತಾರೆ? ಅಂಗಡಿಯಿಂದ ಅನಾನಸು, ಬಾಳೆಗೊನೆ, ಕುಂಬಳಕಾಯಿ ಕೊಂಡು ತಟ್ಟೆಗಳಲ್ಲಿ ಜೋಡಿಸಿ ಮೆರವಣಿಗೆಯಲ್ಲಿ ತರುತ್ತಿದ್ದರು. ಪ್ರಸಂಗಕ್ಕೆ, ಅಂದರೆ ಉಪದೇಶ ಹೇಳಲು, ಊರಿನಿಂದ ಹಿರಿಯ ಅಯ್ಯನವರೊಬ್ಬರನ್ನು ಕರೆಸಿದ್ದರು. ಪಾದ್ರಿಗಳನ್ನು ನಮ್ಮ ಸಭೆಯವರು ಹಾಗೆ ಕರೆಯುತ್ತಿದ್ದರು. ಕಾರ್ಯದರ್ಶಿಗಳಿಗೆ ಅಕ್ಕೋರ ಭಯ. ಒಂದು ವಾರ ಮೊದಲೇ ಮನೆಗೆ ಬಂದು ಕೂತರು.

"ಅಕ್ಕೋರೆ, ಚೆಂಡೆ, ಡ್ರಮ್ಮು, ಕೊಂಬು ಯಾವುದೂ ಒಳಗೆ ಬರಬಾರದು. ನನಗೆ ಮಾತು ಕೊಡಿ."

ಅಕ್ಕೋರು ಮೂರರ ಹೆಸರನ್ನೂ ಒಂದೊಂದಾಗಿ ಹೇಳಿ, ಬೈಬಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಕಾರ್ಯದರ್ಶಿಗಳು ಹಗುರಾಗಿ ಎದ್ದು ಹೋದರು. ಅವರು ಗೇಟು ದಾಟಿದ ಮೇಲೆ ಅಕ್ಕೋರು ಮಂಚದಡಿಯಿಂದ ಗೋಣಿ ಎಳೆದರು.

ತಿರುವನಂತಪುರದ ಕಳಕ್ಕೂಟ್ಟಂ ಹತ್ತಿರದ ಚಿಕ್ಕ ಚರ್ಚಿಗೆ ಹಲಗಿ ಒಳಹೋದದ್ದು ತಟ್ಟೆಯಾಗಿ. ಚರ್ಮದ ಮೈ ಕೆಳಗೆ, ಒಳಗೆ ಬಾಳೆಲೆ, ಮೇಲೆ ಎರಡು ಅನಾನಸು, ಒಂದು ಚಿಪ್ಪು ನೇಂದ್ರಬಾಳೆ, ಕುಂಕುಮ ಬಣ್ಣದ ಒಂದು ಸಿಹಿಗುಂಬಳಕಾಯಿ. ಸುತ್ತ ಜರಿಯ ಅಂಚಿನ ಮುಂಡುಪಂಚೆ. ಮೆರವಣಿಗೆಯಲ್ಲಿ ಅಕ್ಕೋರೇ ಅದನ್ನು ಹೊತ್ತು ನಡೆದರು. ಕಾರ್ಯದರ್ಶಿಗಳು ಮೆಚ್ಚಿ ತಲೆದೂಗಿದರು. ಅವರ ಪಕ್ಕದಲ್ಲಿ ಅವರ ತಾಯಿ ಕೂತಿದ್ದರು. ಮೂರು ತಿಂಗಳ ಹಿಂದೆ ಮಗನ ಫ್ಲ್ಯಾಟಿಗೆ ಬಂದವರು. ಮಲಯಾಳ ಬಾರದು, ಮೊಮ್ಮಕ್ಕಳಿಗೆ ಇವರ ಕನ್ನಡ ತಿಳಿಯದು. ಹಬ್ಬಕ್ಕೆಂದು ಉಡಿಸಿದ್ದ ರೇಷ್ಮೆ ಸೀರೆಯಲ್ಲಿ ಬೇರೆಯವರ ಮನೆಯ ಕುರ್ಚಿಯ ಮೇಲೆ ಕೂತ ಹಾಗೆ ಕೂತಿದ್ದರು.

ಹಣ್ಣುಗಳು ಬಲಿಪೀಠದ ಮುಂದಿನ ಮೇಜಿಗೆ ಇಳಿದವು. ಬರಿದಾದ ತಟ್ಟೆಯನ್ನು ನಾನು ಕಂಕುಳಲ್ಲಿಟ್ಟುಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಓಡಿದೆ. ಚಪ್ಪರದಡಿ ಪಾಯಸ ಕುದಿಯುತ್ತಿತ್ತು. ಒಲೆಯ ಮಗ್ಗುಲಿಗೆ ಹಲಗಿ ಹಿಡಿದು ತಿರುಗಿಸುತ್ತ ಕಾಯಿಸಿದೆ. ಅಡುಗೆಯವನು ಸೌಟು ಹಿಡಿದು ನನ್ನನ್ನೇ ನೋಡುತ್ತ, ಪಪ್ಪಡವೇ ಎಂದು ಕೇಳಿದ. ಹೌದು, ಹಪ್ಪಳವೇ ಎಂದೆ. ಬೆರಳಿನಿಂದ ಮೀಟಿದಾಗ ಚರ್ಮ ಕಂಚಿನಂತೆ ನುಡಿಯಿತು.

ನಾನು ವಾಪಸು ಬರುವಷ್ಟರಲ್ಲಿ ಕೊನೆಯ ಹಾಡು ಆರಂಭವಾಗಿತ್ತು. ಅಕ್ಕೋರು ಹಾಡುವವರ ಎದುರಿಗೆ ನಿಂತು ಕೈಯಾಡಿಸುತ್ತಿದ್ದರು. ನನ್ನನ್ನು ಕಂಡು ಸೀಟಿಯನ್ನು ಬಾಯಿಗಿಟ್ಟು ಚುಟುಕಾಗಿ ಒಮ್ಮೆ ಊದಿದರು. ಬಡಿದೆ.

ಆ ಸಣ್ಣ ಚರ್ಚಿನಲ್ಲಿ ಹಲಗಿಯ ಸದ್ದು ಗೋಡೆಯಿಂದ ಗೋಡೆಗೆ ಹಾರಿತು. ಹಾಡುತ್ತಿದ್ದವರು ನಿಂತರು. ಕೀಬೋರ್ಡಿನವನು ಕೈ ತೆಗೆದ. ಕಾರ್ಯದರ್ಶಿಗಳು ಎದ್ದು ನಿಂತರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇರೆ ಏನೋ ಇತ್ತು. ಎಲ್ಲರೆದುರು ಅಂಗಿ ಹರಿದವನ ಮುಖ. ನಾನು ಕೋಲನ್ನು ಅರ್ಧಕ್ಕೆ ಇಳಿಸಿದೆ. ಅಕ್ಕೋರು ಮಾತ್ರ ನಿಲ್ಲಿಸಬೇಡ ಎಂದು ಕಣ್ಣಲ್ಲೇ ಗದರಿದರು.

ಆಗ ಮುಂದಿನ ಸಾಲಿನಿಂದ ಕಾರ್ಯದರ್ಶಿಗಳ ತಾಯಿ ಎದ್ದು ನೇರವಾಗಿ ನನ್ನ ಬಳಿ ಬಂದರು. ಹೊಡೆಯುತ್ತಾರೆಂದೇ ನಾನು ಎಣಿಸಿದೆ.

"ಇದು ಹೆಣಾ ಒಯ್ಯೂಮುಂದ ಬಡಿಯೂದಪಾ," ಎಂದರು. "ಹಬ್ಬದ್ದು ಬ್ಯಾರೇನ ಐತಿ. ತಾ ಇಲ್ಲೆ."

ಅಕ್ಕೋರ ತಂಗಿಯ ಮಗನಿಗೆ ಬರುತ್ತಿದ್ದದ್ದು ಒಂದೇ ಬಡಿತ. ಅದು ಯಾವುದಕ್ಕೆ ಎಂದು ನಾನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಹದಿನೈದು ದಿನ ನಾನು ಶವಯಾತ್ರೆಯ ಬಡಿತವನ್ನು ಭಕ್ತಿಯಿಂದ ಅಭ್ಯಾಸ ಮಾಡಿದ್ದೆ.

ಆಕೆ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗಿಯನ್ನು ಹೆಗಲಿಗೆ ಏರಿಸಿಕೊಂಡು, ಕಡ್ಡಿಯಿಂದ ಎರಡು ಸಲ ಅಂಚು ತಟ್ಟಿ ನೋಡಿ, ಶುರುಮಾಡಿದರು. ನಾನು ಚೆಂಡೆಯ ಮನೆಯವನು, ಆದರೂ ಅಂಥ ಕೈಯನ್ನು ಕಂಡಿರಲಿಲ್ಲ. ಮೂರು ತಿಂಗಳು ಯಾರೊಂದಿಗೂ ಮಾತಾಡದ ಹೆಂಗಸು ಒಂದೇ ಉಸಿರಿಗೆ ಎಲ್ಲವನ್ನೂ ಆಡಿಬಿಟ್ಟ ಹಾಗಿತ್ತು. ಅಕ್ಕೋರು ಕೈಯೆತ್ತಿ ಕುಣಿಯಲು ಆರಂಭಿಸಿದರು. ಡ್ರಿಲ್ ಟೀಚರರ ಕುಣಿತ, ಎಡ-ಬಲ, ಎಡ-ಬಲ. ನೋಡಲು ಏನೇನೂ ಚೆಂದವಿರಲಿಲ್ಲ. ಮಕ್ಕಳು ನುಗ್ಗಿ ಬಂದರು. ತಿರುವನಂತಪುರದ ಹೆಂಗಸರು ಬಂದರು. ಕಾರ್ಯದರ್ಶಿಗಳು ಮಾತ್ರ ನಿಂತಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ತೋಳಿನ ಗುಂಡಿ ಬಿಚ್ಚಿ, ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ತಾಯಿಯ ಹಿಂದೆ ಹೋಗಿ, ಹೆಗಲಿನಿಂದ ಜಾರುತ್ತಿದ್ದ ಹಲಗಿಯ ಹಗ್ಗವನ್ನು ಎತ್ತಿ ಹಿಡಿದುಕೊಂಡು ನಿಂತರು.

ಅಯ್ಯನವರು ತಮ್ಮ ಪ್ರಸಂಗವನ್ನು ಐದು ನಿಮಿಷಕ್ಕೆ ಇಳಿಸಿದರು. ಅದಕ್ಕಾಗಿ ಎರಡೂ ಊರಿನವರು ದೇವರಿಗೆ ಮನಃಪೂರ್ವಕ ಕೃತಜ್ಞತೆ ಸಲ್ಲಿಸಿದರು.

ಮಧ್ಯಾಹ್ನದ ರೈಲಿನಲ್ಲಿ ಎರ್ನಾಕುಲಂಗೆ ಹಿಂತಿರುಗುವಾಗ ನಾನೂ ಅಕ್ಕೋರೂ ಎದುರುಬದುರು ಕೂತಿದ್ದೆವು. ಕಾಲು ನೋಯುತ್ತಿದೆಯೆಂದು ಚಪ್ಪಲಿ ಬಿಟ್ಟು ಪಾದವನ್ನು ನನ್ನ ಸೀಟಿನ ಅಂಚಿಗಿಟ್ಟಿದ್ದರು. ಇಷ್ಟೆಲ್ಲ ಹಲಗಿಗಾಗಿ ಯಾಕೆ ಎಂದು ಕೇಳಿದೆ. ಆಲಪ್ಪುಳ ದಾಟುವವರೆಗೂ ಹೇಳಿದರು.

ಅವರ ಅಜ್ಜ ಹಲಗಿ ಬಾರಿಸುವ ಮನೆತನದವನು. ಊರಿನ ಹಬ್ಬಕ್ಕೂ ಸಾವಿಗೂ ಅವನೇ ಬೇಕು, ಆದರೆ ಊರಿನ ಬಾವಿಗೆ ಅವನು ಬೇಡ. ಕ್ರೈಸ್ತ ಸಭೆಗೆ ಸೇರಿದ ಮೇಲೆ ಅಕ್ಷರ ಸಿಕ್ಕಿತು, ಕುರ್ಚಿ ಸಿಕ್ಕಿತು. ಆದರೆ ಹಲಗಿ ಹಳೆಯ ಬಾಳಿನ ಕೊಳೆ, ಅದನ್ನು ಬಿಡಬೇಕು ಎಂದರು ಸಭೆಯ ದೊಡ್ಡವರು. ಅಜ್ಜ ಬಿಟ್ಟ. ಮನೆಯ ಹಿಂದೆ ಅದನ್ನು ಸುಟ್ಟ. ಚಿಕ್ಕಂದಿನಲ್ಲಿ ಇವರು ಎಲ್ಲೋ ಒಂದು ಹಲಗಿ ಕಂಡು ಕೈಯಿಂದ ತಟ್ಟಿದ್ದಕ್ಕೆ, ಎಂದೂ ಕೈಯೆತ್ತದ ಅಜ್ಜ ಕೆನ್ನೆಗೆ ಹೊಡೆದನಂತೆ. ಹೊಡೆದು, ತಾನೇ ಅತ್ತನಂತೆ.

"ಯೆರೂಸಲೇಮದಾಗ ಹಲಗಿ ಇತ್ತು ಅನ್ನೂದು ನಮ್ಮಜ್ಜಗ ಯಾರೂ ಹೇಳಲಿಲ್ಲಪಾ," ಎಂದರು ಅಕ್ಕೋರು. ಆಮೇಲೆ ಕಿಟಕಿಯ ಕಡೆ ತಿರುಗಿ, ಚಹಾ ಮಾರುವವನನ್ನು ಸೀಟಿ ಊದಿ ಕರೆದರು.

ಹಾಗಾದರೆ ನೀವೇ ಬಾರಿಸಬಹುದಿತ್ತಲ್ಲ, ನನ್ನನ್ನೇಕೆ ಹಿಡಿದಿರಿ ಎಂದೆ. ತನಗೆ ಬರುವುದಿಲ್ಲ ಎಂದರು, ಮೊದಲ ಸಲ ನಾಚಿಕೊಂಡು.

ಅದನ್ನು ಸರಿಪಡಿಸಲು ಅವರು ತಡಮಾಡಲಿಲ್ಲ. ಮುಂದಿನ ವಾರದಿಂದ ಶನಿವಾರ ಶನಿವಾರ ಕಾರ್ಯದರ್ಶಿಗಳ ಫ್ಲ್ಯಾಟಿನಲ್ಲಿ ಪಾಠ. ಅರವತ್ತಾರು ವರ್ಷದ ವಿದ್ಯಾರ್ಥಿನಿ, ಎಪ್ಪತ್ತು ದಾಟಿದ ಗುರು. ಕಾರ್ಯದರ್ಶಿಗಳು ಕಿಟಕಿಗಳನ್ನೆಲ್ಲ ಮುಚ್ಚಿ, ನಡುವೆ ಬಂದು ಚಹಾ ಇಟ್ಟು ಹೋಗುತ್ತಿದ್ದರು. ಆ ಮನೆಯಲ್ಲಿ ಅವರ ಬಾಯಿಂದ 'ಯವ್ವಾ' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗಲೇ.

ಬೇಗನೆ ಒಂದು ಕಹಿ ಸತ್ಯ ಹೊರಬಿತ್ತು. ಮೂವತ್ತು ವರ್ಷ ಸೀಟಿ ಊದಿ ಸಾವಿರಾರು ಹುಡುಗಿಯರನ್ನು ತಾಳಕ್ಕೆ ನಡೆಸಿದ ಅಕ್ಕೋರಿಗೆ ತಾಳವೇ ನಿಲ್ಲುತ್ತಿರಲಿಲ್ಲ. ಎಡಗೈ ಹೇಳಿದ್ದನ್ನು ಬಲಗೈ ಕೇಳುತ್ತಿರಲಿಲ್ಲ. ಗುರುಗಳು ಹಣೆ ಚಚ್ಚಿಕೊಂಡು, ಇಂಥಾ ಮೊಂಡ ಕೈಯನ್ನು ಹುಟ್ಟಿದಾಗಿನಿಂದ ನೋಡಿಲ್ಲ ಎನ್ನುತ್ತಿದ್ದರು. ಅಕ್ಕೋರು ಶಾಲೆಯ ಮಕ್ಕಳಂತೆ ಕೈಕಟ್ಟಿ ಬೈಸಿಕೊಂಡು, ಮತ್ತೆ ಕೋಲು ಹಿಡಿಯುತ್ತಿದ್ದರು.

ಓದು ಮುಗಿದು ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಹೇಳಿಹೋಗಲು ಅವರ ಮನೆಗೆ ಹೋದೆ. ಊಟ ಬಡಿಸಿದರು, ಪ್ರಯಾಣಕ್ಕೆ ರೊಟ್ಟಿ ಕಟ್ಟಿಕೊಟ್ಟರು. ಆಮೇಲೆ ಒಲೆ ಹಚ್ಚಿ ಹಲಗಿ ಕಾಯಿಸಿಕೊಂಡು ಬಂದು, ಕೂತು ಕೇಳು ಎಂದರು. ಹಬ್ಬದ ಬಡಿತ. ಮೊದಲ ಸುತ್ತು ಬಂತು. ಎರಡನೆಯದೂ ಬಂತು. ಮೂರನೆಯದರ ನಡುವೆ ಎಡಗೈ ತಪ್ಪಿತು, ಅದನ್ನು ಹಿಡಿಯಲು ಹೋಗಿ ಬಲಗೈಯೂ ತಪ್ಪಿತು. ನಾನು ತಲೆ ತಗ್ಗಿಸಿದೆ. ಅವರು ಹಲ್ಲು ಕಚ್ಚಿ, ತಪ್ಪಿದ ತಾಳದ ಮೇಲೆಯೇ ಬಡಿಯುತ್ತ ಹೋದರು, ಜೋರಾಗಿ, ಇನ್ನೂ ಜೋರಾಗಿ.